ಬೇ ರಿಜ್‌ನ ನೆಲಮಾಳಿಗೆಯಲ್ಲಿ ಸಿಕ್ಕ ಪೆಟ್ಟಿಗೆ: ಆ ನಾರ್ವೆ ಬಡಗಿ ಸಂಸಾರಸ್ಥನೇ?

ಪ್ರಶ್ನೆ: ನಾವು ಕುಂದಾಪುರದ ಕಡೆಯವರು. ನಾಲ್ಕು ವರ್ಷದಿಂದ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ, ಬೇ ರಿಜ್ ಅನ್ನೋ ಕಡೆ ಬಾಡಿಗೆ ಮನೆಯಲ್ಲಿದ್ದೇವೆ. ಮೊನ್ನೆ ನೆಲಮಾಳಿಗೆ ಖಾಲಿ ಮಾಡುವಾಗ ಒಂದು ಹಳೇ ಮರದ ಪೆಟ್ಟಿಗೆ ಸಿಕ್ಕಿತು. ಮುಚ್ಚಳದ ಮೇಲೆ ಬಣ್ಣದಲ್ಲಿ ‘ಎ. ಟಿ. ಎಸ್., ವಾನ್ಸೆ, 1903’ ಎಂದು ಬರೆದಿದೆ. ಒಳಗೆ ಒಂದು ಬಾಚಿ, ಎರಡು ಉಳಿ, ದೊಡ್ಡ ಬೈರಿಗೆ, ಮಡಚುವ ಅಳತೆಪಟ್ಟಿ ಇವೆ. ಆ ಪಟ್ಟಿಯ ಇಂಚು ನನ್ನ ಟೇಪಿನ ಇಂಚಿಗೆ ಹೊಂದುವುದಿಲ್ಲ! ಇದು ನಾರ್ವೆಯಿಂದ ಬಂದ ಒಬ್ಬ ಬಡಗಿಯದಂತೆ. ಹೆಂಡತಿ, ಮಕ್ಕಳು ಇದ್ದರೂ ಬಹಳ ವರ್ಷ ಇಲ್ಲಿ ಒಬ್ಬನೇ ಇದ್ದನಂತೆ. ಇಷ್ಟು ಮನೆ ಮಾಲೀಕರು ಹೇಳಿದರು. ನನ್ನ ಅಪ್ಪನೂ ಬಡಗಿ. ಮಸ್ಕತ್‌ನಲ್ಲಿ 16 ವರ್ಷ ದುಡಿದರು. ‘ನಿಮ್ಮಪ್ಪ ಸಂಸಾರ ಮಾಡಿದ್ದು ರಜೆಯಲ್ಲಿ ಮಾತ್ರ’ ಎಂದು ಅಮ್ಮ ಈಗಲೂ ಹೇಳುತ್ತಾರೆ. ಈ ಪೆಟ್ಟಿಗೆಯ ಮನುಷ್ಯ ಹೇಗೆ ಬದುಕಿದ್ದ? ಅವನನ್ನು ಸಂಸಾರಸ್ಥ ಅನ್ನಬಹುದಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೊನೆಯ ಪ್ರಶ್ನೆಗೆ ಉತ್ತರ ಕೊಡಲೇಬೇಕು. ಅದಕ್ಕೆ ಮೊದಲು ಪೆಟ್ಟಿಗೆಯನ್ನೇ ಸ್ವಲ್ಪ ಮಾತಾಡಿಸೋಣ.

ಅಳತೆಪಟ್ಟಿಯಿಂದ ಶುರು ಮಾಡುತ್ತೇನೆ. ಅದು ಕೆಟ್ಟಿಲ್ಲ. ಅದರಲ್ಲಿರುವುದು ನಾರ್ವೆಯ ಇಂಚು. ಅವರು ಅದನ್ನು ‘ತೊಮ್ಮೆ’ ಅನ್ನುತ್ತಾರೆ. ನಿಮ್ಮ ಟೇಪಿನ ಇಂಚು 2.54 ಸೆಂಟಿಮೀಟರ್. ಹಳೇ ನಾರ್ವೆಯ ತೊಮ್ಮೆ ಸುಮಾರು 2.615 ಸೆಂಟಿಮೀಟರ್. ಒಂದು ಇಂಚಿನಲ್ಲಿ ಈ ವ್ಯತ್ಯಾಸ ಕಣ್ಣಿಗೆ ಕಾಣುವುದೇ ಇಲ್ಲ. ಆದರೆ ಹತ್ತು ಅಡಿಯ ತೊಲೆ ಅಳೆದರೆ ಒಂಬತ್ತು ಸೆಂಟಿಮೀಟರ್ ಹೆಚ್ಚು ಬರುತ್ತದೆ. ನಿಮ್ಮಪ್ಪನವರನ್ನು ಕೇಳಿ. ಒಂಬತ್ತು ಸೆಂಟಿಮೀಟರ್ ತಪ್ಪಿದರೆ ಮೇಸ್ತ್ರಿ ಏನನ್ನುತ್ತಾನೆ ಎಂದು ಅವರಿಗೆ ಗೊತ್ತಿರುತ್ತದೆ.

ನಾರ್ವೆ 1875ರಲ್ಲಿ ಮೀಟರ್ ಪದ್ಧತಿಗೆ ಕಾನೂನು ಮಾಡಿತು. 1880ರ ದಶಕದಲ್ಲಿ ಅದು ಬಳಕೆಗೆ ಬಂತು. ಹಾಗಾಗಿ 1903ರಲ್ಲಿ ಹೊರಟವನ ಹತ್ತಿರ ಹಳೇ ಪಟ್ಟಿ ಇದೆ ಅಂದರೆ ಅದು ಬಹುಶಃ ಅವನ ಅಪ್ಪನದೋ ಗುರುವಿನದೋ ಇರಬೇಕು. ಬಡಗಿಗಳು ಅಳತೆಯನ್ನು ಕಾನೂನಿನಿಂದ ಕಲಿಯುವುದಿಲ್ಲ, ಕೈಯಿಂದ ಕಲಿಯುತ್ತಾರೆ ಅಲ್ವಾ? ಇವತ್ತಿಗೂ ನಾರ್ವೆಯಲ್ಲಿ ಮಡಚುವ ಅಳತೆಪಟ್ಟಿಗೆ ‘ತೊಮ್ಮೆಸ್ಟೊಕ್’, ಅಂದರೆ ‘ಇಂಚುಕೋಲು’ ಎಂದೇ ಹೆಸರು. ಅದರ ಮೇಲೆ ಸೆಂಟಿಮೀಟರ್ ಮಾತ್ರ ಇದ್ದರೂ ಸರಿ. ಆ ಪಟ್ಟಿಯನ್ನು ಬ್ರೂಕ್ಲಿನ್‌ನಲ್ಲಿ ಅವನು ಬಳಸಿರಲಿಕ್ಕಿಲ್ಲ. ಬಳಸಿದ್ದರೆ ಯಾವ ಮರವೂ ಕೂಡುತ್ತಿರಲಿಲ್ಲ. ಆದರೂ ಬಿಸಾಡದೆ ಇಟ್ಟುಕೊಂಡಿದ್ದ.

ಈಗ ಆ ಮೂರು ಅಕ್ಷರ. ‘ಎಸ್’ ಅಂದರೆ ಮನೆತನದ ಹೆಸರು ಎಂದು ನೀವು ಅಂದುಕೊಂಡಿರಬಹುದು. ನಾರ್ವೆಯ ಹಳೇ ಪೆಟ್ಟಿಗೆಗಳಲ್ಲಿ ಕೊನೆಯ ಎಸ್ ಸಾಮಾನ್ಯವಾಗಿ ‘ಮಗ’ ಎಂಬ ಮಾತಿನ ಮೊದಲ ಅಕ್ಷರ. ಅಂದರೆ ‘ಟಿ ಎಂಬವನ ಮಗ ಎ’. ಹೆಂಗಸಿನ ಪೆಟ್ಟಿಗೆಯಾದರೆ ಎಸ್ ಬದಲು ಡಿ ಇರುತ್ತದೆ, ‘ಮಗಳು’ ಎಂದು. ಇದರ ಜೊತೆಗೆ ಊರಿನ ಅಥವಾ ಜಮೀನಿನ ಹೆಸರು ಸೇರುತ್ತಿತ್ತು. ನಮಗೆ ಇದು ಕಷ್ಟವಲ್ಲ. ಊರಿನ ಹೆಸರು, ಅಪ್ಪನ ಹೆಸರು, ಆಮೇಲೆ ತನ್ನ ಹೆಸರು ಎಂದು ಇನಿಷಿಯಲ್ ಹಾಕಿಕೊಳ್ಳುವ ಜನ ನಾವು. ಅಮೆರಿಕದ ಕಚೇರಿಯಲ್ಲಿ ‘ಸರ್‌ನೇಮ್ ಏನು’ ಎಂದು ಕೇಳಿದಾಗ ಕನ್ನಡಿಗರಿಗೆ ಆಗುವ ಗೊಂದಲವೇ ಅವನಿಗೂ ಆಗಿತ್ತು. ನಾರ್ವೆಯಲ್ಲಿ ಎಲ್ಲರಿಗೂ ಕಾಯಂ ಮನೆತನದ ಹೆಸರು ಬೇಕು ಎಂದು ಕಾನೂನಾದದ್ದು 1923ರಲ್ಲಿ. ಅದಕ್ಕೇ ಒಂದೇ ತಾಯಿಯ ಮಕ್ಕಳಲ್ಲಿ ಅಣ್ಣ ಅಪ್ಪನ ಹೆಸರು ಹಿಡಿದು, ತಮ್ಮ ಜಮೀನಿನ ಹೆಸರು ಹಿಡಿದು ಅಮೆರಿಕದಲ್ಲಿ ಬೇರೆ ಬೇರೆ ಮನೆತನಗಳಾದದ್ದುಂಟು.

ವಾನ್ಸೆ ಎಂಬುದು ನಾರ್ವೆಯ ತೆಂಕಣ ತುದಿಯ ಹತ್ತಿರ, ಲಿಸ್ತಾ ಎಂಬ ಕಡಲಂಚಿನ ನಾಡಿನಲ್ಲಿದೆ. ಪಕ್ಕದ ಪೇಟೆ ಫಾರ್ಸುಂಡ್. ಇಡೀ ಸೀಮೆಗೆ ಅಗ್ಡೆರ್ ಎಂದು ಹೆಸರು. ಈ ಹೆಸರು ನೋಡಿದ ಕೂಡಲೇ ನನಗೆ ಅರ್ಧ ಕಥೆ ತಿಳಿಯಿತು. ಯಾಕೆಂದರೆ ನಾರ್ವೆಯಿಂದ ಅಮೆರಿಕಕ್ಕೆ ಹೋದವರಲ್ಲಿ ಎರಡು ಬಗೆಯವರಿದ್ದರು.

ಒಂದು ಬಗೆ ಎಲ್ಲರಿಗೂ ಗೊತ್ತಿರುವುದು. 1825ರಲ್ಲಿ ಸ್ತಾವಾಂಗೆರ್‌ನಿಂದ ‘ರೆಸ್ಟೊರೇಷನ್’ ಎಂಬ ಪುಟ್ಟ ಹಾಯಿಹಡಗಿನಲ್ಲಿ 52 ಜನ ಹೊರಟರು. ದಾರಿಯಲ್ಲಿ ಒಂದು ಮಗು ಹುಟ್ಟಿ 53 ಜನ ನ್ಯೂಯಾರ್ಕ್ ತಲುಪಿದರು. ಆಮೇಲಿನ ನೂರು ವರ್ಷದಲ್ಲಿ 8 ಲಕ್ಷದಷ್ಟು ಜನ ಹೋದರು. ನಾರ್ವೆಯ ನೆಲದಲ್ಲಿ ಉಳುಮೆಗೆ ಬರುವುದು ನೂರಕ್ಕೆ ಮೂರು ಪಾಲು ಮಾತ್ರ. ಅದೂ ಹಿರಿಮಗನಿಗೆ ಹೋಗುತ್ತಿತ್ತು. ಕಿರಿಯರು ಹೆಂಡತಿ, ಮಕ್ಕಳು, ಪಾತ್ರೆ ಪಗಡೆ ಎಲ್ಲ ಕಟ್ಟಿಕೊಂಡು ವಿಸ್ಕಾನ್ಸಿನ್, ಮಿನೆಸೋಟ, ಡಕೋಟ ಕಡೆ ಹೋಗಿ ಜಮೀನು ಮಾಡಿದರು. ಅವರು ವಾಪಸ್ ಬರುವ ಲೆಕ್ಕ ಇಟ್ಟುಕೊಂಡಿರಲಿಲ್ಲ.

ನಿಮ್ಮ ಪೆಟ್ಟಿಗೆಯವನು ಎರಡನೇ ಬಗೆ. ಅವನಿಗೆ ಅಮೆರಿಕದಲ್ಲಿ ಜಮೀನು ಬೇಡ. ಕೆಲಸ ಬೇಕು. ದುಡಿದು ತಂದು ಊರಲ್ಲಿ ಮನೆ ಕಟ್ಟಬೇಕು, ಸಾಲ ತೀರಿಸಬೇಕು, ಇನ್ನೊಂದು ಹಸು ಕೊಳ್ಳಬೇಕು.

ಯಾಕೆ ಹೀಗಾಯಿತು? ಅಗ್ಡೆರ್‌ನ ಜನ ಹಡಗು ಕಟ್ಟುವವರು. ಮರದ ಹಾಯಿಹಡಗು ಅವರ ಬದುಕು. 1870ರ ದಶಕದಲ್ಲಿ ನಾರ್ವೆಯ ವ್ಯಾಪಾರಿ ಹಡಗುಗಳು ಎಷ್ಟಿದ್ದವೆಂದರೆ ಲೋಕದಲ್ಲೇ ಅದಕ್ಕೆ ಮೂರನೇ ಸ್ಥಾನ. ಅಗ್ಡೆರ್‌ನ ಅರೆಂಡಾಲ್ ಪೇಟೆ ಅದರ ದೊಡ್ಡ ಕೇಂದ್ರ. ಆಮೇಲೆ ಉಗಿಹಡಗು ಬಂತು, ಕಬ್ಬಿಣದ ಹಡಗು ಬಂತು. ಅರೆಂಡಾಲ್‌ನ ಹಡಗುಮಾಲೀಕರು ಹಳೇ ಮರದ ಹಡಗನ್ನೇ ನಂಬಿ ಕೂತರು. 1886ರಲ್ಲಿ ಅಲ್ಲಿ ಬ್ಯಾಂಕು ಮುಳುಗಿತು, ಅದರ ಜೊತೆ ಎಷ್ಟೋ ಮನೆಗಳು ಮುಳುಗಿದವು. ಹಡಗುಕಟ್ಟೆಗಳು ಒಂದೊಂದಾಗಿ ಮುಚ್ಚಿದವು. ಬಾಚಿ ಹಿಡಿದು ಹಡಗಿನ ಪಕ್ಕೆಲುಬು ಕೆತ್ತುತ್ತಿದ್ದ ಕೈಗಳಿಗೆ ಕೆಲಸವಿಲ್ಲ. ಅಂಥ ಬಡಗಿಗೆ ನ್ಯೂಯಾರ್ಕ್ ಬಂದರು ಅಂದರೆ ಇನ್ನೊಂದು ಹಡಗುಕಟ್ಟೆ, ಅಷ್ಟೇ. ದೂರ ಜಾಸ್ತಿ.

ಇನ್ನೊಂದು ಮಾತನ್ನು ಇಲ್ಲೇ ಹೇಳಬೇಕು. ಲಿಸ್ತಾದ ಗಂಡಸರು ಹಿಂದೆಯೂ ಮನೆಯಲ್ಲಿ ಇರುತ್ತಿದ್ದವರಲ್ಲ. ವಸಂತದಲ್ಲಿ ಹಡಗು ಹತ್ತಿದರೆ ಚಳಿಗಾಲಕ್ಕೆ ಬರುವವರು. ದೂರದ ಹಡಗಾದರೆ ಎರಡು ವರ್ಷ. ಹೆಂಡತಿ ಹಸು, ಕುರಿ, ಆಲೂಗಡ್ಡೆ ಗದ್ದೆ, ಮಕ್ಕಳು, ಅತ್ತೆಮಾವ ಎಲ್ಲ ನೋಡಿಕೊಳ್ಳುವವಳು. ಗಂಡ ದೂರ ಇರುವ ಸಂಸಾರ ಅಲ್ಲಿ ಹೊಸದಲ್ಲ. ಬ್ರೂಕ್ಲಿನ್ ಆ ಹಳೇ ಪದ್ಧತಿಯ ಮುಂದುವರಿಕೆ. ಇದು ಅರ್ಥವಾಗದೆ ಅವನ ಬದುಕು ಅರ್ಥವಾಗುವುದಿಲ್ಲ.

1903. ಆ ಒಂದೇ ವರ್ಷ ನಾರ್ವೆಯಿಂದ 26,000ಕ್ಕೂ ಹೆಚ್ಚು ಜನ ಹೊರಟರು. ಲಿಸ್ತಾದವನಿಗೆ ಹತ್ತಿರದ ದೊಡ್ಡ ಬಂದರು ಕ್ರಿಸ್ತಿಯಾನ್‌ಸಾಂಡ್. ಕೋಪನ್‌ಹೇಗನ್‌ನಿಂದ ಹೊರಡುವ ಡೆನ್ಮಾರ್ಕಿನ ಹಡಗುಗಳು ಅಲ್ಲಿ ನಿಂತು, ಜನರನ್ನು ಹತ್ತಿಸಿಕೊಂಡು ನೇರ ನ್ಯೂಯಾರ್ಕ್‌ಗೆ ಹೋಗುತ್ತಿದ್ದವು. ಮರುವರ್ಷ, 1904ರ ಜೂನ್ 28ರಂದು, ಇದೇ ದಾರಿಯ ‘ನೋರ್ಗೆ’ ಎಂಬ ಹಡಗು ಸ್ಕಾಟ್ಲೆಂಡಿನ ಪಡುವಣಕ್ಕೆ ರಾಕಾಲ್ ಎಂಬ ಬಂಡೆಯ ಹತ್ತಿರ ಒಡೆದು ಮುಳುಗಿತು. 600ಕ್ಕೂ ಹೆಚ್ಚು ಜನ ಸತ್ತರು. ಎಲ್ಲರಿಗೂ ಸಾಲುವಷ್ಟು ದೋಣಿಗಳಿರಲಿಲ್ಲ. ಟೈಟಾನಿಕ್ ಮುಳುಗಿದ್ದು ಇನ್ನೂ ಎಂಟು ವರ್ಷದ ಮೇಲೆ. ಟೈಟಾನಿಕ್ ಎಲ್ಲರಿಗೂ ಗೊತ್ತು. ನೋರ್ಗೆ ಯಾರಿಗೂ ಗೊತ್ತಿಲ್ಲ. ಅದರಲ್ಲಿದ್ದವರು ಹೆಚ್ಚಿನವರು ಇಂಥ ಪೆಟ್ಟಿಗೆ ಹೊತ್ತ ಬಡವರು. ನನಗೆ ಇದು ಯಾವಾಗಲೂ ಸಂಕಟ ಕೊಡುವ ವಿಷಯ.

ನ್ಯೂಯಾರ್ಕ್‌ನಲ್ಲಿ ಎಲ್ಲಿಸ್ ದ್ವೀಪ. ಅಧಿಕಾರಿಗಳು ಅಲ್ಲಿ ಹೆಸರು ಬದಲಾಯಿಸಿಬಿಡುತ್ತಿದ್ದರು ಎಂಬ ಕಥೆಯನ್ನು ನಂಬಬೇಡಿ. ಹಡಗು ಹತ್ತುವಾಗಲೇ ಬರೆದ ಪಟ್ಟಿ ಅವರ ಕೈಯಲ್ಲಿ ಇರುತ್ತಿತ್ತು. ಅದನ್ನು ನೋಡಿ ಕೇಳುತ್ತಿದ್ದರು, ಅಷ್ಟೇ. ಹೆಸರು ಬದಲಿಸಿಕೊಂಡದ್ದು ಹೆಚ್ಚಾಗಿ ಜನರೇ, ಆಮೇಲೆ, ಕೂಲಿಯ ಪಟ್ಟಿಗೆ ಸುಲಭವಾಗಲಿ ಎಂದು. ಆ ಹಡಗಿನ ಪಟ್ಟಿ ನಮಗೆ ದೊಡ್ಡ ನಿಧಿ. ವಯಸ್ಸು, ಕಸುಬು, ಮದುವೆ ಆಗಿದೆಯೇ, ಟಿಕೆಟಿನ ದುಡ್ಡು ಯಾರು ಕೊಟ್ಟರು, ಕೈಯಲ್ಲಿ ಎಷ್ಟು ಡಾಲರ್ ಇದೆ, ಹಿಂದೆ ಅಮೆರಿಕಕ್ಕೆ ಬಂದಿದ್ದೀಯಾ, ಯಾವಾಗ, ಈಗ ಯಾರ ಮನೆಗೆ ಹೋಗುತ್ತೀಯಾ – ಎಲ್ಲ ಅದರಲ್ಲಿದೆ. ‘ಹಿಂದೆ ಬಂದಿದ್ದೀಯಾ’ ಎಂಬ ಕಲಮಿನಲ್ಲಿ ಲಿಸ್ತಾದವರ ಸಾಲುಗಳಲ್ಲಿ ‘ಹೌದು’ ಎಂದು ಮತ್ತೆ ಮತ್ತೆ ಕಾಣುತ್ತದೆ. ಎರಡನೇ ಸಲ, ಮೂರನೇ ಸಲ ಬರುವವರು.

ಅವನ ಕೆಲಸ ಯಾವುದು? ನೀವು ಮನೆ ಕಟ್ಟುವ ಬಡಗಿ ಅಂದುಕೊಂಡಿದ್ದೀರಿ. ನನಗೆ ಆ ದೊಡ್ಡ ಬೈರಿಗೆ ಮತ್ತು ಬಾಚಿ ಬೇರೆ ಹೇಳುತ್ತಿವೆ. ಬಾಗಿಲು ಕಿಟಕಿ ಮಾಡುವವನಿಗೆ ಅಷ್ಟು ದಪ್ಪ ಬೈರಿಗೆ ಬೇಡ. ಇದು ದಕ್ಕೆ, ಅಂದರೆ ಹಡಗು ಬಂದು ನಿಲ್ಲುವ ಕಟ್ಟೆ, ಕಟ್ಟುವವನ ಪೆಟ್ಟಿಗೆ. ಕುಂದಾಪುರದವರಿಗೆ, ಮಲ್ಪೆ, ಗಂಗೊಳ್ಳಿ ನೋಡಿದವರಿಗೆ ದಕ್ಕೆ ಅಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಆಗಿನ ಬ್ರೂಕ್ಲಿನ್ ದಡದಲ್ಲಿ ದಕ್ಕೆಯ ಮೇಲೆ ದಕ್ಕೆ ಏಳುತ್ತಿತ್ತು. ನಿಮ್ಮ ಪಕ್ಕದ ಬಡಾವಣೆ ಸನ್ಸೆಟ್ ಪಾರ್ಕ್ ಕೆಳಗಿನ ಬುಷ್ ಟರ್ಮಿನಲ್ ಎಂಬ ದಕ್ಕೆ, ಗೋದಾಮುಗಳ ಸಾಲು ಆಗ ಬೆಳೆಯುತ್ತಿದ್ದ ಕಾಲ. ನದಿಯಾಚೆ ಮ್ಯಾನ್‌ಹಟನ್‌ನಲ್ಲಿ ಚೆಲ್ಸಿ ಪಿಯರ್ಸ್ ಎಂಬ ದಕ್ಕೆಗಳ ಸಾಲು 1910ರಲ್ಲಿ ಮುಗಿಯಿತು.

ಕೆಲಸ ಹೀಗೆ. ತೆಂಗಿನ ಮರದಷ್ಟು ಉದ್ದದ ಮರದ ಕಂಬಗಳನ್ನು ತೆಪ್ಪದ ಮೇಲಿನ ಯಂತ್ರ ಎತ್ತಿ ನಿಲ್ಲಿಸುತ್ತದೆ. ಉಗಿಯಿಂದ ಮೇಲೇಳುವ ಭಾರದ ಗುಂಡು ಕಂಬದ ತಲೆಯ ಮೇಲೆ ಬೀಳುತ್ತದೆ. ಕಂಬ ಕೆಸರಿನೊಳಗೆ ಇಳಿಯುತ್ತಾ ಗಟ್ಟಿ ನೆಲ ಸಿಕ್ಕಿದಲ್ಲಿ ನಿಲ್ಲುತ್ತದೆ. ಸಾಲಾಗಿ ಕಂಬ ನಿಂತ ಮೇಲೆ ಬಡಗಿಗಳು ಅದರ ಮೇಲೆ ಹತ್ತುತ್ತಾರೆ. ಕೆಳಗೆ ನೀರು, ಮೇಲೆ ಗಾಳಿ, ಹಿಡಿಯಲು ಏನೂ ಇಲ್ಲ. ಕಂಬದ ತಲೆಗಳನ್ನು ಒಂದೇ ಮಟ್ಟಕ್ಕೆ ಕತ್ತರಿಸಬೇಕು, ಬಾಚಿಯಿಂದ ಸಮ ಮಾಡಬೇಕು. ಅಡ್ಡಲಾಗಿ ಒಂದಡಿ ದಪ್ಪದ ಚೌಕ ತೊಲೆ ಕೂರಿಸಬೇಕು. ಬೈರಿಗೆಯಲ್ಲಿ ತೊಲೆ ದಾಟಿ ಕಂಬದೊಳಗೆ ತೂತು ಕೊರೆದು, ಅದಕ್ಕೆ ಉದ್ದನೆಯ ಕಬ್ಬಿಣದ ಸರಳನ್ನು ಸುತ್ತಿಗೆಯಿಂದ ಹೊಡೆದು ಇಳಿಸಬೇಕು. ಚಳಿಗಾಲದಲ್ಲಿ ಮರದ ಮೇಲೆ ಮಂಜುಗಡ್ಡೆ. ಜಾರಿದರೆ ನೀರಿಗೆ, ಇಲ್ಲವೇ ಎರಡು ತೊಲೆಗಳ ನಡುವೆ.

ಹಡಗಿನ ಪಾಯಿಮರ ಹತ್ತಿ ಬೆಳೆದ ಅಗ್ಡೆರ್‌ನವರಿಗೆ ಇದು ಹೇಳಿ ಮಾಡಿಸಿದ ಕೆಲಸ. ಬ್ರೂಕ್ಲಿನ್‌ನ ದಕ್ಕೆ ಬಡಗಿಗಳ ಸಂಘದಲ್ಲಿ ನಾರ್ವೆಯವರೇ ತುಂಬಿಕೊಂಡಿದ್ದರು. ಅಣ್ಣ ತಮ್ಮನನ್ನು, ಮಾವ ಅಳಿಯನನ್ನು ಸೇರಿಸುತ್ತಿದ್ದ. ಸಂಘದ ಕಾರ್ಡು ಇದ್ದರೆ ಕೂಲಿ ಚೆನ್ನಾಗಿತ್ತು. ದಿನಕ್ಕೆ ಎಂಟೇ ಗಂಟೆ ಕೆಲಸ ಎಂಬ ಹೋರಾಟವನ್ನು 1890ರ ಮೇ ಒಂದರಂದು ಅಮೆರಿಕದಲ್ಲಿ ಮುಂದೆ ನಿಂತು ನಡೆಸಿದವರೇ ಬಡಗಿಗಳ ಸಂಘದವರು. ಅದರ ಫಲವನ್ನು ಇವನು ಉಂಡಿದ್ದಾನೆ.

ಬಿದ್ದು ಕಾಲು ಮುರಿದರೆ? ಮೊದಲ ವರ್ಷಗಳಲ್ಲಿ ದೇವರೇ ಗತಿ. ಕೆಲಸದಲ್ಲಿ ಗಾಯವಾದವನಿಗೆ ಪರಿಹಾರ ಕೊಡಬೇಕೆಂದು ನ್ಯೂಯಾರ್ಕ್ ರಾಜ್ಯ 1910ರಲ್ಲಿ ಕಾನೂನು ಮಾಡಿತು. 1911ರಲ್ಲಿ ಕೋರ್ಟು ಅದನ್ನು ಹೊಡೆದುಹಾಕಿತು. ಮತ್ತೆ ಗಟ್ಟಿಯಾಗಿ ಬಂದದ್ದು 1914ರಲ್ಲಿ. ಅಷ್ಟರವರೆಗೆ ಗಾಯಾಳು ತಾನೇ ಧಣಿಯ ಮೇಲೆ ದಾವೆ ಹಾಕಿ ಗೆಲ್ಲಬೇಕು. ಇಂಗ್ಲಿಷು ಬಾರದವನು, ಹೆಂಡತಿ ಕಡಲಾಚೆ ಇರುವವನು ಹೇಗೆ ಗೆಲ್ಲುತ್ತಾನೆ ಹೇಳಿ. ಅಂಥವರನ್ನು ನೋಡಿಕೊಂಡವರಲ್ಲಿ ಒಬ್ಬ ಹೆಂಗಸಿನ ಹೆಸರು ನೀವು ತಿಳಿದಿರಬೇಕು. ಎಲಿಸಬೆತ್ ಫೆಡ್ಡೆ. ಲಿಸ್ತಾಕ್ಕೆ ಹತ್ತಿರದ ಫೆಡಾ ಎಂಬ ಹಳ್ಳಿಯವರು, ಚರ್ಚಿನ ಸೇವೆಯಲ್ಲಿದ್ದ ದಾದಿ. 1883ರಲ್ಲಿ ಬ್ರೂಕ್ಲಿನ್‌ಗೆ ಬಂದು ಕಾಯಿಲೆ ಬಿದ್ದ ನಾವಿಕರ, ಕೂಲಿಯವರ ಶುಶ್ರೂಷೆ ಶುರು ಮಾಡಿದರು. ಅವರು ಕಟ್ಟಿದ ಪುಟ್ಟ ಆಸ್ಪತ್ರೆ ಬೆಳೆದು ಬೆಳೆದು ಲೂಥರನ್ ಆಸ್ಪತ್ರೆಯಾಯಿತು. ಅದೇ ಈಗ ಸನ್ಸೆಟ್ ಪಾರ್ಕ್‌ನ ಎನ್‌ವೈಯು ಲ್ಯಾಂಗೋನ್ ಆಸ್ಪತ್ರೆ. ಬೇ ರಿಜ್‌ನವರು ಜ್ವರ ಬಂದರೆ ಹೋಗುವ ಜಾಗ. ನೀವೂ ಹೋಗಿರುತ್ತೀರಿ.

ಊಟ, ವಸತಿ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಒಂಟಿ ಗಂಡಸರು ಯಾವುದೋ ನಾರ್ವೆ ಕುಟುಂಬದ ಮನೆಯಲ್ಲಿ ಒಂದು ಕೋಣೆ ಹಿಡಿದು, ಅಲ್ಲೇ ಊಟಕ್ಕೂ ಸೇರಿಕೊಳ್ಳುತ್ತಿದ್ದರು. ನಿಮ್ಮ ಮನೆಯೂ ಹಾಗೇ ಇದ್ದಿರಬಹುದು. ಮೊದಲು ಅವರೆಲ್ಲ ಬಂದರಿಗೆ ಹತ್ತಿರದ ರೆಡ್ ಹುಕ್‌ನಲ್ಲಿದ್ದರು. 1915ರಲ್ಲಿ ನಾಲ್ಕನೇ ಅವೆನ್ಯೂ ಕೆಳಗೆ ಸುರಂಗ ರೈಲು ಬಂದ ಮೇಲೆ ಸನ್ಸೆಟ್ ಪಾರ್ಕ್, ಬೇ ರಿಜ್ ಕಡೆ ಸರಿದರು. ಎಂಟನೇ ಅವೆನ್ಯೂಗೆ ‘ಲಾಪ್ಸ್‌ಕೌಸ್ ಬುಲೆವಾರ್ಡ್’ ಎಂದು ಅಡ್ಡಹೆಸರು ಬಿತ್ತು. ಲಾಪ್ಸ್‌ಕೌಸ್ ಅಂದರೆ ಮಾಂಸ, ಆಲೂಗಡ್ಡೆ, ಗಜ್ಜರಿ ಹಾಕಿ ಕುದಿಸಿದ ಗಟ್ಟಿ ಸಾರು. ಈಗ ಆ ಬೀದಿ ಪೂರ್ತಿ ಚೀನೀಯರದ್ದು. ನೀವು ತರಕಾರಿ ತರುವ ಬೀದಿಯೇ ಇರಬೇಕು.

ಇನ್ನು ನಿಮ್ಮ ಪ್ರಶ್ನೆಯ ಹತ್ತಿರ ಬರುತ್ತೇನೆ. 1910ರಲ್ಲಿ ಎರಡೂ ದೇಶದಲ್ಲಿ ಜನಗಣತಿ ನಡೆಯಿತು. ಅಮೆರಿಕದ್ದು ಏಪ್ರಿಲ್ 15ರ ಲೆಕ್ಕ. ನಾರ್ವೆಯದ್ದು ಡಿಸೆಂಬರ್ 1ರ ಲೆಕ್ಕ. ಅಮೆರಿಕದ ಪಟ್ಟಿಯಲ್ಲಿ ಇಂಥ ಬಡಗಿ ಹೇಗೆ ಕಾಣುತ್ತಾನೆ ಗೊತ್ತಾ? ಬೇರೆಯವರ ಮನೆಯಲ್ಲಿ ‘ಬೋರ್ಡರ್’, ಅಂದರೆ ದುಡ್ಡು ಕೊಟ್ಟು ಊಟ, ವಸತಿಗೆ ಇರುವವನು. ಮುಂದಿನ ಕಲಮಿನಲ್ಲಿ ‘ಮದುವೆಯಾಗಿದೆ’ ಎಂಬ ಒಂದೇ ಅಕ್ಷರ. ಹೆಂಡತಿಯ ಹೆಸರಿಲ್ಲ, ಮಕ್ಕಳ ಹೆಸರಿಲ್ಲ. ಓದುವವನಿಗೆ ಮನೆ ಬಿಟ್ಟು ಬಂದವನ ಹಾಗೆ ಕಾಣುತ್ತಾನೆ.

ಅದೇ ಮನುಷ್ಯನನ್ನು ನಾರ್ವೆಯ ಪಟ್ಟಿಯಲ್ಲಿ ಹುಡುಕಿ. ಅಲ್ಲಿ ಹೆಂಡತಿ, ಮಕ್ಕಳ ಹೆಸರಿನ ಜೊತೆಗೆ ಅವನ ಹೆಸರೂ ಇರಬಹುದು. ಯಾಕೆಂದರೆ ಆ ಜನಗಣತಿಯಲ್ಲಿ ‘ತಾತ್ಕಾಲಿಕವಾಗಿ ಮನೆಯಲ್ಲಿ ಇಲ್ಲದವರು’ ಎಂಬವರನ್ನೂ ಬರೆಯುತ್ತಿದ್ದರು. ಎಲ್ಲಿದ್ದಾರೆ ಎಂಬುದಕ್ಕೂ ಜಾಗ ಇತ್ತು. ಅಲ್ಲಿ ‘ಅಮೆರಿಕ’ ಎಂದು ಬರೆಸಿರುವ ಹೆಂಡತಿಯರಿದ್ದಾರೆ. ಗಣತಿಯವನು ಮನೆ ಬಾಗಿಲಿಗೆ ಬಂದಾಗ ಆ ಹೆಂಗಸು ಗಂಡ ಹೋದ, ಬಿಟ್ಟ ಎಂದು ಹೇಳಲಿಲ್ಲ. ಅವನು ಈ ಮನೆಯವನೇ, ಸದ್ಯಕ್ಕೆ ಕೆಲಸಕ್ಕೆ ಹೋಗಿದ್ದಾನೆ ಎಂದು ಹೇಳಿ ಬರೆಸಿದಳು. ಒಂದೇ ವರ್ಷ, ಎರಡು ದೇಶ, ಎರಡು ಮನೆಯಲ್ಲಿ ಒಬ್ಬನೇ ಮನುಷ್ಯನ ಲೆಕ್ಕ.

ಆ ಸಾಲುಗಳನ್ನು ಓದುವಾಗ ನಾನು ಪ್ರತಿ ಸಲ ಸ್ವಲ್ಪ ಹೊತ್ತು ಸುಮ್ನೆ ಕೂರುತ್ತೇನೆ. ಸಂಸಾರ ಎಂದರೆ ಒಂದೇ ಸೂರಿನ ಕೆಳಗೆ ಇರುವುದು ಎಂದು ಲೆಕ್ಕ ಹಾಕಿದರೆ ಅವನು ಸಂಸಾರಸ್ಥನಲ್ಲ. ಆದರೆ ಆ ಲೆಕ್ಕವನ್ನು ಅವನ ಹೆಂಡತಿಯೇ ಒಪ್ಪಲಿಲ್ಲ.

ಅವಳ ಬಗ್ಗೆ ಬರೆಯದೆ ಅವನ ಬಗ್ಗೆ ಬರೆದರೆ ಅನ್ಯಾಯ. ನಾರ್ವೆಯ ಬೇಸಗೆ ಚಿಕ್ಕದು. ಆ ಕೆಲವೇ ವಾರಗಳಲ್ಲಿ ಹಸುವಿಗೆ ಚಳಿಗಾಲಕ್ಕಾಗುವಷ್ಟು ಹುಲ್ಲು ಕೊಯ್ದು, ಒಣಗಿಸಿ, ಕೊಟ್ಟಿಗೆ ಸೇರಿಸಬೇಕು. ಮಳೆ ಬಂದರೆ ಹುಲ್ಲು ಕೊಳೆಯುತ್ತದೆ. ಅದನ್ನು ಮಾಡಿದವಳು ಅವಳು. ಡಾಲರ್ ಬಂದಾಗ ಬ್ಯಾಂಕಿಗೆ ಹೋದವಳು, ಯಾವ ಸಾಲ ಮೊದಲು ತೀರಿಸಬೇಕು ಎಂದು ತೀರ್ಮಾನ ಮಾಡಿದವಳು, ಮಗುವಿಗೆ ಕೆಮ್ಮು ಬಂದ ರಾತ್ರಿ ಒಬ್ಬಳೇ ಎದ್ದು ಕೂತವಳು ಅವಳೇ. ಮನೆ ಕಟ್ಟುವಾಗ ಅಲ್ಲಿನ ಬಡಗಿಗಳ ಹತ್ತಿರ ಜಗಳ ಆಡಿದವಳೂ ಅವಳೇ ಇರಬೇಕು, ಗಂಡ ತಾನೇ ಬಡಗಿಯಾಗಿದ್ದರೂ. 1913ರಲ್ಲಿ ನಾರ್ವೆಯ ಎಲ್ಲ ಹೆಂಗಸರಿಗೂ ದೇಶದ ಚುನಾವಣೆಯಲ್ಲಿ ಮತ ಹಾಕುವ ಹಕ್ಕು ಬಂತು. ಅಮೆರಿಕದ ಪೌರನಾಗದ ಗಂಡನಿಗೆ ಬ್ರೂಕ್ಲಿನ್‌ನಲ್ಲಿ ಮತ ಇಲ್ಲ. ಲಿಸ್ತಾದಲ್ಲಿ ಹೆಂಡತಿ ಹೋಗಿ ಮತ ಹಾಕಿ ಬರುವ ಕಾಲ ಬಂತು.

ನಿಮ್ಮ ಅಮ್ಮ ಹೇಳಿದ ಮಾತು ನಿಜ. ಅದನ್ನು ಅಲ್ಲಗಳೆಯುವುದಕ್ಕೆ ನಾನು ಹೋಗುವುದಿಲ್ಲ. ರಜೆಯಲ್ಲಿ ಬಂದ ಗಂಡನ ಜೊತೆ ಆದದ್ದು ಅಷ್ಟೇ. ಬಾಗಿಲಿಗೆ ಬಂದ ಅಪ್ಪನನ್ನು ನೋಡಿ ಯಾರೋ ಎಂದು ಅಮ್ಮನ ಹಿಂದೆ ಅಡಗುವ ಮಗು ಲಿಸ್ತಾದಲ್ಲೂ ಇತ್ತು. ಆದರೆ ಉಳಿದ ತಿಂಗಳುಗಳಲ್ಲಿ ಆ ಸಂಸಾರ ನಡೆದದ್ದು ಇಬ್ಬರ ಕೈಯಿಂದ. ಒಬ್ಬರು ದಕ್ಕೆಯ ಮೇಲೆ, ಒಬ್ಬರು ಹುಲ್ಲುಗಾವಲಿನಲ್ಲಿ. ಅದಕ್ಕೇ ನಾನು ಅವನನ್ನು ಸಂಸಾರಸ್ಥ ಎನ್ನುತ್ತೇನೆ. ಆ ಸಂಸಾರದ ಭಾರ ಇಬ್ಬರ ಮೇಲೂ ಸಮ ಇತ್ತು ಎಂದು ಮಾತ್ರ ಹೇಳಲಾರೆ. ಅವಳ ಪಾಲು ಜಾಸ್ತಿ ಇತ್ತು. ನಿಮ್ಮ ಅಮ್ಮನದ್ದೂ ಇದ್ದಿರಬಹುದು.

ಈ ಹೋಗಿಬರುವ ಬದುಕನ್ನು ತಡೆದದ್ದು ಅಮೆರಿಕದ ಕಾನೂನು. 1921ರಲ್ಲಿ, ಮತ್ತೆ 1924ರಲ್ಲಿ ಒಂದೊಂದು ದೇಶಕ್ಕೆ ಇಷ್ಟೇ ಜನ ಎಂದು ಮಿತಿ ಹಾಕಿದರು. 1924ರ ಕಾನೂನಿನಲ್ಲಿ ನಾರ್ವೆಗೆ ಸಿಕ್ಕಿದ್ದು ವರ್ಷಕ್ಕೆ 6,453. 1929ರಲ್ಲಿ ಅದು 2,377ಕ್ಕೆ ಇಳಿಯಿತು. 1903ರಲ್ಲಿ ಎಷ್ಟು ಜನ ಹೊರಟಿದ್ದರು ಎಂದು ಮೇಲೆ ಹೇಳಿದ್ದೇನೆ, ಹೋಲಿಸಿ ನೋಡಿ. ಪೌರತ್ವ ಇಲ್ಲದವನು ಊರಿಗೆ ಹೋಗಿ ತಿರುಗಿ ಬರಬೇಕಾದರೆ ಮೊದಲೇ ಪರವಾನಗಿ ಪತ್ರ ಮಾಡಿಸಬೇಕು, ಅದರ ಅವಧಿಯೊಳಗೆ ವಾಪಸಾಗಬೇಕು. ಇತ್ತ ಅಮೆರಿಕದ ಪೌರನಾದವನ ಹೆಂಡತಿಗೆ, 18 ತುಂಬದ ಮಕ್ಕಳಿಗೆ ಮಿತಿಯ ತಡೆ ಇಲ್ಲ. ಅಂದರೆ ಇಷ್ಟು ವರ್ಷ ಮುಂದೂಡಿದ ತೀರ್ಮಾನ ಈಗ ಮಾಡಲೇಬೇಕು. ಪೌರನಾಗಿ ಎಲ್ಲರನ್ನೂ ಕರೆಸಿಕೊಳ್ಳುವುದೋ, ಪೆಟ್ಟಿಗೆ ಕಟ್ಟಿ ಊರಿಗೆ ಹೋಗುವುದೋ. ಗ್ರೀನ್ ಕಾರ್ಡಿನ ಸರದಿಯಲ್ಲಿ ಕಾಯುವ ನಿಮ್ಮ ಗೆಳೆಯರಿಗೆ ಇದು ಹಳೇ ಕಥೆ ಅನ್ನಿಸಲಿಕ್ಕಿಲ್ಲ.

ಎಷ್ಟೋ ಜನ ಹೊರಟೇಹೋದರು. ನಾರ್ವೆ 1920ರ ಜನಗಣತಿಯಲ್ಲಿ ಅಮೆರಿಕದಿಂದ ವಾಪಸಾದವರನ್ನು ಬೇರೆಯಾಗಿಯೇ ಎಣಿಸಿತ್ತು. ಸುಮಾರು 50,000 ಜನ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಇನ್ನಷ್ಟು ಜನ ಹೊರಟರು, ಯಾಕೆಂದರೆ ಕಟ್ಟಡದ ಕೆಲಸವೇ ನಿಂತಿತು. ಹೋಗಲು ಟಿಕೆಟಿಗೂ ದುಡ್ಡಿಲ್ಲದೆ ಉಳಿದವರ ಪಾಡು ಹೇಳಲಾಗದು. ರೆಡ್ ಹುಕ್‌ನ ಕಸ ಸುರಿಯುವ ಜಾಗದ ಪಕ್ಕ, ಕೆಲಸವಿಲ್ಲದ ನಾರ್ವೆ ನಾವಿಕರು ತಗಡು, ಹಲಗೆ, ರಟ್ಟು ಸೇರಿಸಿ ಗುಡಿಸಲು ಹಾಕಿಕೊಂಡರು. ಅದಕ್ಕೆ ಅವರೇ ‘ಓರ್ಕೆನೆನ್ ಸೂರ್’ ಎಂದು ಹೆಸರಿಟ್ಟರು, ‘ಕಹಿ ಮರಳುಗಾಡು’ ಎಂದು.

ಬ್ರೂಕ್ಲಿನ್‌ನಲ್ಲಿ ಇನ್ನೂ ಒಂಟಿಯಾಗಿ ಉಳಿದವರಿಗೆ ಕೊನೆಯ ಹೊಡೆತ 1940ರ ಏಪ್ರಿಲ್ 9. ಜರ್ಮನ್ ಸೇನೆ ನಾರ್ವೆಗೆ ನುಗ್ಗಿತು. ಐದು ವರ್ಷ ಊರಿನ ಜೊತೆ ನಂಟು ಕಡಿದಂತೆ ಆಯಿತು. ಪತ್ರದ ಬದಲು ರೆಡ್ ಕ್ರಾಸ್ ಮೂಲಕ 25 ಪದಗಳ ಸಂದೇಶ. ಲಿಸ್ತಾದ ಬಯಲನ್ನು ನೋಡಿ ಜರ್ಮನರು ಅಲ್ಲೇ ವಿಮಾನ ನಿಲ್ದಾಣ ಮಾಡಿದರು. ಅದಕ್ಕಾಗಿ ಜಮೀನು ಕಿತ್ತುಕೊಂಡರು, ಜನರನ್ನು ಮನೆಗಳಿಂದ ಎಬ್ಬಿಸಿದರು. ದಕ್ಕೆಯ ಮೇಲೆ ಬೆವರು ಹರಿಸಿ ಕಟ್ಟಿಸಿದ ಮನೆ ಇನ್ನೂ ನಿಂತಿದೆಯೋ ಇಲ್ಲವೋ ಎಂದು ತಿಳಿಯದೆ ಐದು ವರ್ಷ ಕಾದವರು ನಿಮ್ಮ ಬೀದಿಯಲ್ಲಿ ಓಡಾಡಿದ್ದಾರೆ.

ಯುದ್ಧ ಮುಗಿದ ಮೇಲೆ ಅಗ್ಡೆರ್‌ನಿಂದ ಬಡಗಿಗಳ ಇನ್ನೊಂದು ಅಲೆ ಬಂತು. 1969ರಲ್ಲಿ ನಾರ್ವೆಯ ಕಡಲಿನಲ್ಲಿ ಎಣ್ಣೆ ಸಿಕ್ಕ ಮೇಲೆ ಯಾರಿಗೂ ಬರುವ ಅಗತ್ಯ ಉಳಿಯಲಿಲ್ಲ. ವಾಪಸಾದವರ ಗುರುತು ವಾನ್ಸೆಯಲ್ಲಿ ಇನ್ನೂ ಇದೆ. ಅಮೆರಿಕದ ಪಿಂಚಣಿ ಪಡೆಯುವ ಮುದುಕರು, ಬ್ರೂಕ್ಲಿನ್‌ನಿಂದ ತಂದ ಕುರ್ಚಿ, ಫ್ರಿಜ್ಜು, ಇಂಗ್ಲಿಷು ಬೆರೆಸಿದ ಮಾತು. ಪ್ರತಿ ಬೇಸಗೆ ಅಲ್ಲಿ ಅಮೆರಿಕದ ಹೆಸರಿನ ಹಬ್ಬ ನಡೆಯುತ್ತದೆ. ನಿಮ್ಮ ಬೇ ರಿಜ್‌ನಲ್ಲೂ ನಾರ್ವೆಯ ಸಂವಿಧಾನ ದಿನವಾದ ಮೇ 17ರ ಆಸುಪಾಸಿನ ಭಾನುವಾರ ನಾರ್ವೆಯವರ ಮೆರವಣಿಗೆ ಈಗಲೂ ಹೊರಡುತ್ತದೆ, ಲೀಫ್ ಎರಿಕ್ಸನ್ ಪಾರ್ಕ್ ತನಕ. ಮಕ್ಕಳನ್ನು ಕರೆದುಕೊಂಡು ಹೋಗಿ.

ಅವನ ಪೂರ್ತಿ ಹೆಸರು ಹುಡುಕಬೇಕೆಂದಿದ್ದರೆ ದಾರಿ ಇದೆ, ಖರ್ಚಿಲ್ಲ. ನಾರ್ವೆ ಸರ್ಕಾರದ ‘ಡಿಜಿಟಾಲಾರ್ಕಿವೆಟ್’ ಎಂಬ ಜಾಲತಾಣದಲ್ಲಿ 1900, 1910, 1920ರ ಜನಗಣತಿ, ಚರ್ಚಿನ ದಾಖಲೆ, ಕ್ರಿಸ್ತಿಯಾನ್‌ಸಾಂಡ್ ಪೊಲೀಸರು ಬರೆದಿಟ್ಟ ವಲಸೆಗಾರರ ಪಟ್ಟಿ ಎಲ್ಲ ಪುಕ್ಕಟೆ ಸಿಗುತ್ತವೆ. 1903ರ ವಲಸೆ ಪಟ್ಟಿಯಲ್ಲಿ ವಾನ್ಸೆಯವರು, ಕಸುಬು ಬಡಗಿ, ಹೆಸರು ಎ ಇಂದ ಶುರು – ಇಷ್ಟರಿಂದಲೇ ಹುಡುಕಾಟ ಚಿಕ್ಕದಾಗುತ್ತದೆ. ಹೆಸರನ್ನು ಎರಡು ರೀತಿಯಲ್ಲೂ ಹುಡುಕಿ, ಅಪ್ಪನ ಹೆಸರು ಹಿಡಿದು ಒಮ್ಮೆ, ಜಮೀನಿನ ಹೆಸರು ಹಿಡಿದು ಒಮ್ಮೆ. ಆಮೇಲೆ ಅಮೆರಿಕದ 1910, 1920ರ ಗಣತಿಯಲ್ಲಿ ನಿಮ್ಮ ಮನೆಯ ವಿಳಾಸ ಹಾಕಿ ನೋಡಿ. ಸಿಕ್ಕರೂ ಸಂಬಂಧಿಕರನ್ನು ಕೇಳದೆ ಎಲ್ಲೂ ಹೆಸರು ಹಾಕಬೇಡಿ.

ಪೆಟ್ಟಿಗೆಗೆ ಪಾಲಿಷ್ ಹಚ್ಚಬೇಡಿ, ಅಕ್ಷರಗಳನ್ನು ಸೋಪಿನ ನೀರಲ್ಲಿ ತೊಳೆಯಬೇಡಿ. ಒಣ ಬಟ್ಟೆ ಸಾಕು. ಒಳಗೆ ಎಡಗಡೆ ಗೋಡೆಗೆ ಸೇರಿದ ಹಾಗೆ ಒಂದು ಚಿಕ್ಕ ಮುಚ್ಚಳದ ಗೂಡು ಇದೆಯಾ ನೋಡಿ. ನಾರ್ವೆಯ ಪೆಟ್ಟಿಗೆಗಳಲ್ಲಿ ಅದು ಸಾಮಾನ್ಯ. ಚಿಲ್ಲರೆ, ಕಾಗದ, ಫೋಟೋ ಇಡುವ ಜಾಗ. ಕೆಲವುದರಲ್ಲಿ ಅದರ ತಳದ ಹಲಗೆ ಮೇಲಕ್ಕೆ ಎತ್ತಲು ಬರುತ್ತದೆ. ಬಲ ಹಾಕಬೇಡಿ. ಅಪ್ಪ ಮುಂದಿನ ಸಲ ಬಂದಾಗ ಅವರ ಕೈಯಲ್ಲಿ ತೆಗೆಸಿ, ಅವರಿಗೆ ಮರದ ಅಂದಾಜು ಸಿಗುತ್ತದೆ. ಏನಾದರೂ ಸಿಕ್ಕರೆ ಫೋಟೋ ಕಳಿಸಿ.